ಮಾವನವರ ಐದನೇ ಗೇರು

ಇವತ್ತು ಬೆಳಿಗ್ಗೆ ದೋಸೆ ಕಾವಲಿಯ ಮುಚ್ಚಳ ಎತ್ತಲು ಹೋದರೆ ಹಿಡಿ ಮಾತ್ರ ಕೈಗೆ ಬಂತು, ಮುಚ್ಚಳ ಕಾವಲಿಯ ಮೇಲೇ ಉಳಿಯಿತು. ಒಳಗೆ ದೋಸೆ ಸೀಯತೊಡಗಿತ್ತು. ಪಕ್ಕದಲ್ಲಿ ಮಿಕ್ಸಿಯೊಳಗೆ ಚಟ್ನಿ ತಿರುಗುತ್ತಿತ್ತು, ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ಗರಗರ ಅನ್ನುತ್ತಿತ್ತು. ನಾನು ನಡುಮನೆಯ ಕಡೆ ಮುಖ ಮಾಡಿ, "ರೀ, ಸ್ಕ್ರೂಡ್ರೈವರ್ ತನ್ನಿ" ಅಂತ ಕೂಗಿದೆ. ಅಲ್ಲಿಂದ ನಮ್ಮವರು ಏನೋ ಅಂದರು. ಕೇಳಿಸಲಿಲ್ಲ. "ಏನು" ಅಂತ ಇನ್ನೂ ಜೋರಾಗಿ ಕೂಗಿದೆ. ಅವರು ಮತ್ತೆ ಏನೋ ಅಂದರು. ಗಂಡ ಹೆಂಡತಿ ಮನೆಯೊಳಗೆ ಮಾತಾಡುವುದೆಂದರೆ ಹೆಚ್ಚುಕಡಿಮೆ ಇಷ್ಟೇ ಅಲ್ಲವೇ. ನಿಮ್ಮ ಮನೆಯಲ್ಲಿ ಬೇರೆ ಥರ ಇದ್ದರೆ ನೀವು ಪುಣ್ಯವಂತರು.

ಕೈಗೆ ಬಂದ ಆ ಹಿಡಿಯ ವಿಷಯ ಹೇಳಬೇಕು. ನಿಂಬೆಹಣ್ಣಿನಷ್ಟು ದಪ್ಪದ ಕರಿಯ ಗುಂಡು. ನೆತ್ತಿಯ ಮೇಲೆ ಬಿಳಿ ಗೀಟುಗಳು, ಗೀಟುಗಳ ತುದಿಯಲ್ಲಿ ಒಂದು, ಎರಡು, ಮೂರು ಅಂತ ಅಂಕಿ, ಉಳಿದ ಮೂಲೆಯಲ್ಲಿ ಇಂಗ್ಲಿಷಿನ ಆರ್. ಹೊಸದಾಗಿ ಬಂದ ನೆಂಟರು ಅದನ್ನು ಉರಿ ಹೆಚ್ಚುಕಡಿಮೆ ಮಾಡುವ ತಿರುಪು ಅಂದುಕೊಂಡು ತಿರುಗಿಸಿ ನೋಡಿದ್ದುಂಟು. ಅದು ಕಾರಿನ ಗೇರಿನ ಗುಂಡು. ಅಮೆರಿಕದ ಉದ್ದುದ್ದ ರಸ್ತೆಗಳಲ್ಲಿ ಹಾರಲೆಂದು ಹುಟ್ಟಿದ ಕಾರೊಂದರ ಗೇರಿನ ಗುಂಡು ಚೆನ್ನೈನ ಅಡುಗೆಮನೆಯಲ್ಲಿ ದೋಸೆ ಮುಚ್ಚಳದ ಮೇಲೆ ಬಂದು ಕೂತದ್ದಕ್ಕೆ ನಮ್ಮ ಮಾವನವರು ಕಾರಣ. ಎಷ್ಟು ಉರಿಯಿಟ್ಟರೂ ಅದು ಬಿಸಿಯಾಗುವುದಿಲ್ಲ, ಆ ಮಟ್ಟಿಗೆ ಮಾವನವರ ಬುದ್ಧಿಯನ್ನು ಮೆಚ್ಚಬೇಕು.

ನಾನು ಮಂಡ್ಯದವಳು. ಮದುವೆಯಾಗಿ ಈ ಊರಿಗೆ ಬಂದಾಗ ಮದ್ರಾಸು ಆಗಷ್ಟೇ ಚೆನ್ನೈ ಆಗಿತ್ತು, ನಮ್ಮ ಮನೆಯವರ ಬಾಯಲ್ಲಿ ಮಾತ್ರ ಇನ್ನೂ ಮದ್ರಾಸೇ. ಮಾವನವರ ಮನೆ ವಡಪಳನಿಯಲ್ಲಿ, ಸ್ಟುಡಿಯೋಗಳ ಹಿಂದಿನ ಓಣಿಯಲ್ಲಿ. ಅಂಗಳದ ತುಂಬ ತಗಡಿನ ಶೆಡ್ಡು, ಶೆಡ್ಡಿನ ತುಂಬ ಕಾರು. ಸಿನಿಮಾ ಶೂಟಿಂಗಿಗೆ ಕಾರು ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ಮೊದಲ ದಿನ ಹೊಸಿಲು ದಾಟುವಾಗ ಶೆಡ್ಡಿನಿಂದ ಒಂದು ಗರ್ಜನೆ ಕೇಳಿ ನಾನು ಸೇರಕ್ಕಿಯನ್ನು ಒದೆಯುವ ಬದಲು ತುಳಿದೇಬಿಟ್ಟೆ. ಮಾವನವರು ಯಾವನಿಗೋ ಚಕ್ರಕ್ಕೆ ಗಾಳಿ ಹಾಕಲು ಹೇಳುತ್ತಿದ್ದರು, ಅಷ್ಟೇ. ಅವರು ಮಾತಾಡುವುದೇ ಹಾಗೆ. ಸ್ಟುಡಿಯೋದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೈಕಿಲ್ಲದೆ ಕೂಗಿ ಕೂಗಿ ಬೆಳೆಸಿಕೊಂಡ ಗಂಟಲು ಅದು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ನನ್ನ ಗಂಟಲೇನೂ ಕಡಿಮೆಯದಲ್ಲ. ಆದರೂ ಅವರ ಮುಂದೆ ನಾನು ಕೋಗಿಲೆ.

ಶೆಡ್ಡಿನ ಕಾರುಗಳಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ಒಂದೇ. ನೀಲಿ ಬಣ್ಣದ ಅಮೆರಿಕದ ಕಾರು. ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಅದರಡಿಯಲ್ಲಿ ಎಂಟು ಸಿಲಿಂಡರಿನ ಎಂಜಿನ್ನು. ಯಾವುದೋ ಪರದೇಶದ ಕಂಪನಿಯ ದೊರೆ ಊರು ಬಿಡುವಾಗ ಬಿಟ್ಟುಹೋದದ್ದಂತೆ. ಸ್ಟುಡಿಯೋದವರೆಲ್ಲ ಅದನ್ನು ವಿಲನ್ ಕಾರು ಅನ್ನುತ್ತಿದ್ದರು. ಯಾಕೆಂದರೆ ಯಾವ ಸಿನಿಮಾದಲ್ಲಿ ಕಂಡರೂ ಅದರಿಂದ ಇಳಿಯುತ್ತಿದ್ದವನು ಖಳನಾಯಕನೇ, ಅದರೊಳಗೆ ಕಿರುಚಿಕೊಳ್ಳುತ್ತ ಹೋಗುತ್ತಿದ್ದವಳು ನಾಯಕಿಯೇ. ತಮಾಷೆ ಏನು ಗೊತ್ತೇ, ಪರದೆಯ ಮೇಲೆ ಬಿರುಗಾಳಿಯಂತೆ ಹೋದ ಆ ಕಾರು ನಿಜದಲ್ಲಿ ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಓಡಿದ್ದೇ ಹೆಚ್ಚು. ಕ್ಯಾಮೆರಾವನ್ನು ನಿಧಾನವಾಗಿ ಓಡಿಸಿ ತೆಗೆದು, ಪರದೆಯ ಮೇಲೆ ಅದನ್ನು ಹಾರಿಸುತ್ತಿದ್ದರು. ಆಕ್ಷನ್ ಅಂದ ಕೂಡಲೆ ನಿಂತಲ್ಲಿಂದ ಚಂಗನೆ ನೆಗೆಯಬೇಕು, ಹತ್ತು ಮಾರು ಹೋಗಿ ನಿಲ್ಲಬೇಕು. ಅದಕ್ಕಿದ್ದ ಮೂರು ಗೇರೂ ಅಂಥ ನೆಗೆತಕ್ಕೇ ಹೇಳಿ ಮಾಡಿಸಿದ್ದು. ಉದ್ದನೆಯ ರಸ್ತೆಗೆ ಹೋದರೆ ಮೂರನೆಯದರ ಆಚೆ ಇನ್ನೊಂದು ಇಲ್ಲ, ಎಂಜಿನ್ನು ಹೋಗುವಷ್ಟೂ ದೂರ ಅರಚಿಕೊಳ್ಳುತ್ತಲೇ ಹೋಗಬೇಕು.

ಅತ್ತೆಯವರು ಒಂದು ದಿನವೂ ಆ ಕಾರಿನಲ್ಲಿ ಕೂತವರಲ್ಲ. ಅವರು ನಂಜನಗೂಡಿನವರು, ನಂಜನಗೂಡಿನ ಕನ್ನಡಕ್ಕೆ ತಮಿಳಿನ ಒಗ್ಗರಣೆ ಹಾಕಿ ಮಾತಾಡುತ್ತಿದ್ದರು. ಯಾಕೆ ಕೂರುವುದಿಲ್ಲ ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಎಷ್ಟು ಹೆಣ್ಮಕ್ಕಳ ಕಣ್ಣಲ್ಲಿ ನೀರು ಹಾಕ್ಸದ ಕಾರವ್ವ ಅದು" ಅಂದರು. ಅದು ಸಿನಿಮಾ ಅಲ್ಲವೇ ಅತ್ತೆ ಅಂದೆ. "ಸಿನಿಮಾನೇ ಕಣಮ್ಮ. ಅತ್ತೋರು ಅತ್ತಿದ್ದು ಅತ್ತಿದ್ದೇ ತಾನೇ" ಅಂದರು. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ.

ಆ ಕಾರಿನ ಇನ್ನೊಂದು ಅವಲಕ್ಷಣ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅದರ ಸ್ಟೀರಿಂಗು ಇರುವುದು ಎಡಗಡೆ. ನಮ್ಮ ರಸ್ತೆಯಲ್ಲಿ ಮುಂದಿನ ಲಾರಿಯನ್ನು ದಾಟಬೇಕಾದರೆ ಬಲಕ್ಕೆ ಸರಿದು ನೋಡಬೇಕು, ಎಡಗಡೆ ಕೂತವನಿಗೆ ಲಾರಿಯ ಹಿಂಭಾಗವಲ್ಲದೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಬಲಗಡೆ ಕೂತವರೇ ಡ್ರೈವರಿನ ಕಣ್ಣು. ಮಾವನವರು "ಪೋಲಾಮಾ", ಹೋಗಬಹುದಾ, ಅಂತ ಗುಡುಗುವುದು, ಬಲಗಡೆ ಕೂತ ಸಹಾಯಕ ಕತ್ತು ಹೊರಗೆ ಹಾಕಿ ನೋಡಿ "ಪೋಲಾಂ ಸಾರ್" ಅಂತ ಗುಡುಗುವುದು, ಆಮೇಲೆ ಕಾರು ಮುಂದೆ ಹೋಗುವುದು. ಎಂಜಿನ್ನಿನ ಅರಚಾಟ ಮೀರಿ ಕೇಳಬೇಕಲ್ಲ. ಹೀಗೆ ಆ ಕಾರಿನಲ್ಲಿ ಹೋಗಬೇಕಾದರೆ ಪೆಟ್ರೋಲಿನಷ್ಟೇ ಗಂಟಲೂ ಖರ್ಚಾಗುತ್ತಿತ್ತು.

ಆ ಗಂಟಲೇ ಹೋಯಿತು. ಸ್ವರ ಒಡೆದಾಗ ಕೂಗಿ ಕೂಗಿ ಹಾಗಾಗಿದೆ ಅಂದುಕೊಂಡೆವು. ಕಷಾಯ ಕುಡಿಸಿದೆವು, ಬಿಸಿ ಹಾಲಿಗೆ ಅರಿಸಿನ ಹಾಕಿ ಕೊಟ್ಟೆವು. ಕೊನೆಗೆ ಡಾಕ್ಟರು ಗಂಟಲೊಳಗೆ ಗೆಡ್ಡೆ ಇದೆ ಅಂದರು. ಆಪರೇಷನ್ನಾಯಿತು. ಜೀವ ಉಳಿಯಿತು, ಸ್ವರ ಉಳಿಯಲಿಲ್ಲ. ಉಳಿದದ್ದು ಒಂದು ಪಿಸುಮಾತು, ಒಣಗಿದ ಬಾಳೆಲೆಯನ್ನು ನೆಲದ ಮೇಲೆ ಎಳೆದಂಥ ಸದ್ದು. ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು, ಜೋರಾಗಿ ಮಾತಾಡಲು ಹೋದರೆ ಇದೂ ಹೋಗುತ್ತದೆ, ಮಾತಾಡದೆ ಬಿಟ್ಟರೂ ಹೋಗುತ್ತದೆ, ಮೆಲ್ಲಗೆ ದಿನಾ ಮಾತಾಡುತ್ತಲೇ ಇರಬೇಕು ಅಂತ.

ಮೆಲ್ಲಗೆ ಮಾತಾಡಿದರೆ ಕೇಳಿಸುವಂಥ ಮನೆಯೇ ನಮ್ಮದು? ಹೊರಗೆ ದೇವಸ್ಥಾನದ ಸ್ಪೀಕರು, ಬಸ್ಸಿನ ಹಾರನ್ನು, ಒಳಗೆ ಟಿವಿ, ಮಿಕ್ಸಿ, ನಾನು. ಮಾವನವರು ಏನೋ ಹೇಳುತ್ತಾರೆ, ಅತ್ತೆ "ಏನಂದ್ರಿ" ಅನ್ನುತ್ತಾರೆ. ಅವರು ಮತ್ತೆ ಹೇಳುತ್ತಾರೆ, ಇವರು ಹತ್ತಿರ ಹೋಗಿ ಮತ್ತೆ "ಏನಂದ್ರಿ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಮಾವನವರ ಮುಖ ಕೆಂಪಾಗಿರುತ್ತಿತ್ತು. ಕೈ ಬೀಸಿ, ಬಿಡು ಅಂತ ಸನ್ನೆ ಮಾಡಿ ಶೆಡ್ಡಿಗೆ ಹೋಗಿಬಿಡುತ್ತಿದ್ದರು. ದಿನ ಹೋದಂತೆ ಸನ್ನೆ ಮಾತ್ರ ಉಳಿಯಿತು. ಕಾಫಿಗೆ ಲೋಟ ಎತ್ತಿ ತೋರಿಸುವುದು, ಊಟ ಸಾಕಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದು. ಒಂದು ಮಧ್ಯಾಹ್ನ ಅತ್ತೆ ಬೀನ್ಸ್ ಮುರಿಯುತ್ತ ಕೂತವರು ಇದ್ದಕ್ಕಿದ್ದಂತೆ, "ಮೊದ್ಲೆಲ್ಲಾ ಕೂಗಿ ಕೂಗಿ ನನ್ ತಲೆ ತಿಂತಿದ್ರು ಕಣವ್ವ. ಈಗ ಒಂದ್ಸಲ ತಿನ್ಲಿ ಅನ್ನಿಸ್ತದೆ" ಅಂದರು. ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

ಆ ದಿನಗಳಲ್ಲೇ ನಮ್ಮವರು, ಅಪ್ಪನಿಗೆ ಸ್ವಲ್ಪ ಗೆಲುವಾಗಲಿ ಅಂತ, ನೀಲಿ ಕಾರು ತೆಗೆಸಿ ಪೂನಮಲ್ಲಿ ರಸ್ತೆಗೆ ಹೊರಡಿಸಿದರು. ಮಾವನವರು ಸ್ಟೀರಿಂಗಿನಲ್ಲಿ, ನಮ್ಮವರು ಬಲಗಡೆ. ಮುಂದೊಂದು ಲಾರಿ. ಮಾವನವರು ಹೋಗಲಾ ಅಂತ ಕೇಳಿದ್ದಾರೆ, ಎಂಜಿನ್ನಿನ ಅಬ್ಬರದಲ್ಲಿ ನಮ್ಮವರಿಗೆ ಕೇಳಿಸಿಲ್ಲ. ತುಟಿ ಅಲ್ಲಾಡಿದ್ದು ಕಂಡು, ಏನು ಅಂತ ಕತ್ತು ಆಡಿಸಿದ್ದಾರೆ. ಅದನ್ನು ಮಾವನವರು ಹೂಂ ಅಂದುಕೊಂಡು ಬಲಕ್ಕೆ ಎಳೆದಿದ್ದಾರೆ. ಎದುರಿಗೆ ಬಸ್ಸು. ಹೇಗೆ ಮತ್ತೆ ಲಾರಿಯ ಹಿಂದಕ್ಕೆ ನುಗ್ಗಿದರೋ, ಕನ್ನಡಿಯೊಂದು ಕಿತ್ತುಹೋದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮನೆಗೆ ಬಂದವರೇ ಮಾವನವರು ಕಾರಿಗೆ ಹೊದಿಕೆ ಹಾಕಿ, ಹಗ್ಗ ಬಿಗಿದು, ಕೀಲಿಕೈಯನ್ನು ಅತ್ತೆಯ ಮುಂದೆ ಇಟ್ಟು ಒಳಗೆ ಹೋದರು. ಅಲ್ಲಿಂದಾಚೆ ಒಂದು ಪಿಸುಮಾತೂ ಇಲ್ಲ. ಡಾಕ್ಟರು ಹೇಳಿದ್ದು ನಮ್ಮೆಲ್ಲರ ಎದೆಯಲ್ಲಿ ಕೂತಿತ್ತು. ಹೀಗೇ ಬಿಟ್ಟರೆ ಇದ್ದದ್ದೂ ಆರಿಹೋಗುತ್ತದೆ.

ಆಗ ಬಂದವನು ಸೆಲ್ವಂ. ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ಅವನದೊಂದು ಕಾರ್ಖಾನೆ, ಅಂದರೆ ಎರಡು ತಗಡು ಮತ್ತು ಕಬ್ಬಿಣ ಕಡೆಯುವ ಒಂದು ಲೇತು. ಮಾವನವರ ಕಾರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ. ತನ್ನನ್ನು ತಾನು ಹೊಗಳಿಕೊಳ್ಳುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ದೇವರು ಮನುಷ್ಯನಿಗೆ ಮಂಡಿ ಇಟ್ಟಿರುವ ಕ್ರಮ ತಪ್ಪು, ತನ್ನನ್ನು ಕೇಳಿದ್ದರೆ ಸರಿಮಾಡಿಕೊಡುತ್ತಿದ್ದೆ ಅನ್ನುವ ಜಾತಿ. ಅವನು ಬಂದು ಹೇಳಿದ, ಎಣ್ಣೂರಿನಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಬಂದಿದ್ದ ಯಾವನೋ ಪರದೇಶದ ಎಂಜಿನಿಯರ್ ತನ್ನ ಕಾರನ್ನೂ ತಂದಿದ್ದನಂತೆ. ಇದೇ ಕಂಪನಿಯದು, ಇದಕ್ಕಿಂತ ಹೊಸದು. ಸಮುದ್ರದ ಉಪ್ಪುಗಾಳಿಗೆ ಅದರ ಮೈಯೆಲ್ಲ ತುಕ್ಕು ಹಿಡಿದು ಗುಜರಿಗೆ ಬಿದ್ದಿದೆ. ಒಳಗಿನ ಗೇರ್‌ಬಾಕ್ಸ್ ಮಾತ್ರ ಎಣ್ಣೆಯಲ್ಲಿ ನೆನೆದು ಹೊಚ್ಚ ಹೊಸದರಂತಿದೆ. ಅದಕ್ಕೆ ಐದು ಗೇರು. ಐದನೆಯದು ಓವರ್‌ಡ್ರೈವ್. "ಅದು ಬಿದ್ರೆ ಎಂಜಿನ್ ಉಸಿರು ಬಿಡುತ್ತೆ ಸಾರ್. ಕಾರು ಓಡ್ತಾ ಇರುತ್ತೆ, ಎಂಜಿನ್ ಸುಮ್ನೆ ಕೂತಿರುತ್ತೆ. ಒಳಗೆ ಕೂತೋರು ರಹಸ್ಯ ಮಾತಾಡ್ಬೋದು" ಅಂತ ತಮಿಳಿನಲ್ಲಿ ಅಂದ.

ಮಾವನವರು ಪೇಪರ್ ಕೆಳಗಿಟ್ಟರು.

ಮಾರನೇ ವಾರ ಆ ವಸ್ತು ನಮ್ಮ ಅಂಗಳಕ್ಕೆ ಬಂತು. ಇಬ್ಬರು ಹೊತ್ತು ತಂದು ಹಳೆಯ ಪೇಪರುಗಳ ಮೇಲೆ ಇಳಿಸಿದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ, ಎರಡೂ ತುದಿಯಿಂದ ಒಂದೊಂದು ಕಡ್ಡಿ ಹೊರಗೆ ಬಂದಿತ್ತು. ನನಗೇನು, ಕಬ್ಬಿಣದ ಹಲಸಿನಹಣ್ಣಿನ ಹಾಗೆ ಕಂಡಿತು. ಸೆಲ್ವಂ ಮೇಲಿನ ಮುಚ್ಚಳ ಬಿಚ್ಚಿದ. ಒಳಗೆ ನೋಡಿದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಹಲ್ಲಿಗೆ ಹಲ್ಲು ಕಚ್ಚಿ ಸಾಲಾಗಿ ಮಲಗಿದ ಚಕ್ರಗಳು, ಎಣ್ಣೆಯಲ್ಲಿ ಮಿಂದು ಒಡವೆಯಂತೆ ಹೊಳೆಯುತ್ತಿದ್ದವು. ಗಂಧಕದಂಥ ಒಂದು ಘಾಟು ವಾಸನೆ. ಸೆಲ್ವಂ ಎರಡೂ ಕಡ್ಡಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಐದನೇ ಗೇರಿಗೆ ತಳ್ಳಿ, "ಟೀಚರಮ್ಮ, ತಿರುಗಿಸಿ ನೋಡಿ" ಅಂದ. ಎಂಜಿನ್ ಕಡೆಯ ಕಡ್ಡಿಯನ್ನು ನಾನು ನಾಲ್ಕು ಸುತ್ತು ತಿರುಗಿಸಿದೆ. ಚಕ್ರದ ಕಡೆಯ ಕಡ್ಡಿ ಐದು ಸುತ್ತು ತಿರುಗಿ ನಿಂತಿತು.

ನನ್ನ ಮೈ ಜುಮ್ಮೆಂದಿತು ಅಂದರೆ ನೀವು ನಗಬಹುದು. ನಾಲ್ಕಕ್ಕೆ ಐದು. ಕಪ್ಪುಹಲಗೆಯ ಮೇಲೆ ಎಷ್ಟು ವರ್ಷದಿಂದ ಬರೆದಿದ್ದೆ ಈ ಅನುಪಾತವನ್ನು. ಮಕ್ಕಳು ಆಕಳಿಸಿದ್ದರು, ನಿಜ ಹೇಳಬೇಕೆಂದರೆ ನಾನೂ ಆಕಳಿಸಿದ್ದೆ. ಅದು ಕೈಯಲ್ಲಿ ತೂಕವಾಗಿ, ತಣ್ಣಗೆ, ಜಿಡ್ಡಾಗಿ ತಿರುಗುತ್ತದೆ ಅಂತ ಯಾರು ಕಂಡಿದ್ದರು. ನಾಲ್ಕು ಕೊಟ್ಟರೆ ಐದು ಹಿಂದಿರುಗಿಸುವ ವಸ್ತು. ಕಡಿಮೆ ಕೂಗಿ ಹೆಚ್ಚು ದೂರ ಹೋಗುವ ಉಪಾಯವನ್ನು ಯಾರೋ ಪುಣ್ಯಾತ್ಮರು ಚಕ್ರಗಳಲ್ಲಿ ಕೆತ್ತಿಟ್ಟಿದ್ದರು. ನಾನು ಮತ್ತೆ ತಿರುಗಿಸಿದೆ, ಮತ್ತೆ ಐದೇ ಬಂತು. ಪಕ್ಕದಲ್ಲಿ ಮಾವನವರೂ ಬಂದು ಕೂತಿದ್ದರು. ಅವರು ಅಂಗೈಯನ್ನು ಅದರ ಮೈಮೇಲೆ ಇಟ್ಟು, ನೀನು ತಿರುಗಿಸುತ್ತಿರು ಅಂತ ನನಗೆ ಸನ್ನೆ ಮಾಡಿದರು. ಅತ್ತೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಅವತ್ತು ಸಂಜೆ ಅತ್ತೆ ಕೀಲಿಕೈ ತಂದು ಮಾವನವರ ಮುಂದೆ ಇಟ್ಟರು. "ಹಾಕ್ಸಿ ಅದನ್ನ. ನಂಜನಗೂಡಿಗೆ ಹೋಗವ, ನಾನು ಬಲಗಡೆ ಕೂತ್ಕತೀನಿ" ಅಂದರು. ಆ ಕಾರು ಬಂದಂದಿನಿಂದ ಮಾವನವರು ಕರೆದು ಕರೆದು ಸೋತ ಮಾತದು. ಆಮೇಲೆ ಅತ್ತೆ ಷರತ್ತು ಹಾಕಿದರು. ಅದರೊಳಗೆ ಕೂತ ಕೇಡಿಗಳ ದೃಷ್ಟಿಯೆಲ್ಲ ಹೋಗಬೇಕು, ಹೊಸದಾಗಿ ಸೇರುವ ಪ್ರತಿಯೊಂದು ಸಾಮಾನಿಗೂ ಪೂಜೆಯಾಗಬೇಕು, ಆಗದೆ ಒಂದು ಮೊಳೆಯೂ ಒಳಗೆ ಹೋಗಕೂಡದು. ಮಾವನವರು ತಲೆಯಾಡಿಸಿದರು. ಯಾವುದಕ್ಕೆ ಒಪ್ಪಿದೆವು ಅಂತ ನಮಗೆ ತಿಳಿದದ್ದು ಆಮೇಲೆ.

ಕೆಲಸ ಶುರುವಾಯಿತು. ಬಿಚ್ಚಿ ಬಿಚ್ಚಿ ಕಾರಿನ ಹೊಟ್ಟೆಯೇ ಖಾಲಿಯಾಯಿತು. ಒಂದೇ ಕಂಪನಿಯದು ಅಂದಮೇಲೆ ಸಲೀಸಾಗಿ ಕೂರುತ್ತದೆ ಅಂದಿದ್ದ ಸೆಲ್ವಂ. ಎಂಜಿನ್ನಿಗೇನೋ ಕೂತಿತು, ಉಳಿದದ್ದಕ್ಕೆಲ್ಲ ಜಗಳ. ಹೊಸದು ಹಳೆಯದಕ್ಕಿಂತ ಉದ್ದ, ಅದನ್ನು ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿ ಬೆಸುಗೆ ಹಾಕಬೇಕಾಯಿತು. ಹಿಂದಿನ ಚಕ್ರಕ್ಕೆ ಹೋಗುವ ದಂಡವನ್ನು ಗಿಂಡಿಗೆ ಒಯ್ದು ಕತ್ತರಿಸಿ ತಂದರು. ಗೇರಿನ ಕಡ್ಡಿ ನೆಲದಲ್ಲಿ ಬೇರೆಯೇ ಜಾಗದಲ್ಲಿ ತಲೆಯೆತ್ತಿತು, ಅದಕ್ಕೊಂದು ತೂತು. ಪ್ರತಿ ಸಲವೂ ಸೆಲ್ವಂ, "ಕವಲೈಯೇ ಪಡಾದೀಂಗ, ಚಿಂತೆಯೇ ಬೇಡ, ಇದನ್ನೆಲ್ಲ ನಾನು ಮೊದಲೇ ಯೋಚಿಸಿದ್ದೆ" ಅನ್ನುತ್ತಿದ್ದ. ಹಾಗೆ ಅಂದು ತಲೆ ಕೆರೆದುಕೊಳ್ಳುತ್ತಿದ್ದ. ಮಾವನವರು ಮಾತಾಡದಿದ್ದರೂ ಬೆಳಗಿನಿಂದ ಸಂಜೆಯವರೆಗೆ ಕಾರಿನ ಅಡಿಯಲ್ಲೇ ಇರುತ್ತಿದ್ದರು, ಊಟಕ್ಕೆ ಅವರ ಕಾಲು ಹಿಡಿದು ಎಳೆಯಬೇಕಾಗುತ್ತಿತ್ತು.

ಇನ್ನೇನು ಮುಗಿಯಿತು ಅನ್ನುವಾಗ ಆಯುಧಪೂಜೆ ಬಂತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಸ್ಪ್ಯಾನರು, ಜಾಕು, ಸುತ್ತಿಗೆ ಎಲ್ಲ ತೊಳೆದು ಸಾಲಾಗಿ ಮಣೆಯ ಮೇಲೆ ಬಂದವು. ಒಳಗೆ ಹೋಗದೆ ಉಳಿದಿದ್ದ ಮುಖ್ಯ ಸಾಮಾನು ಕ್ಲಚ್ ಪ್ಲೇಟು. ದೋಸೆಯಷ್ಟು ಅಗಲದ ಬಿಲ್ಲೆ, ಎರಡೂ ಮುಖಕ್ಕೆ ಒರಟು ಪಟ್ಟಿ. ಆ ಒರಟೇ ಎಂಜಿನ್ನಿನ ಶಕ್ತಿಯನ್ನು ಕಚ್ಚಿ ಹಿಡಿದು ಗೇರಿಗೆ ದಾಟಿಸಬೇಕು. ಅತ್ತೆ ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಮೂರು ಬೆರಳಲ್ಲಿ ವಿಭೂತಿ ಎಳೆದರು, ಗಂಧ ಇಟ್ಟರು. ಕುಂಕುಮ ಮಾತ್ರ ಒರಟು ಮೈಗೆ ನಿಲ್ಲದೆ ಉದುರುತ್ತಿತ್ತು. ನಮ್ಮಲ್ಲಿ ಕುಂಕುಮ ನಿಲ್ಲದಿದ್ದರೆ ಏನು ಮಾಡುತ್ತೇವೆ ಹೇಳಿ. ಬೆರಳಿಗೆ ಒಂದು ಹನಿ ತುಪ್ಪ. ಎರಡೂ ಮುಖಕ್ಕೆ ಸುತ್ತಲೂ ಸಾಲಾಗಿ ತುಪ್ಪದ ಕುಂಕುಮ ಇಟ್ಟು ಆರತಿ ಎತ್ತಿದರು. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ನಾನೇ ಒಂದು ಸೇವಂತಿಗೆ ಏರಿಸಿದೆ.

ಮರುದಿನ ಸೆಲ್ವಂ ಬಂದು ಪ್ಲೇಟು ಎತ್ತಿಕೊಂಡ. ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಒರೆಸಲು ಬಟ್ಟೆ ತೆಗೆದು, ಮತ್ತೆ ಕಿಸೆಗೆ ಇಟ್ಟುಕೊಂಡ. "ಸಾಮಿ ಕುಂಕುಮಂ, ಒರೆಸಬಾರದು" ಅಂತ ಕಣ್ಣಿಗೆ ಒತ್ತಿಕೊಂಡು ಹಾಗೇ ಒಳಗೆ ಕೂರಿಸಿದ. ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ದೇವರ ಕುಂಕುಮಕ್ಕೆ ಪೆಟ್ರೋಲ್ ಹಾಕಿ ಉಜ್ಜಲು ಕೈ ಬರಲಿಲ್ಲ, ನಮ್ಮಲ್ಲಿ ಯಾರಿಗೆ ಬರುತ್ತದೆ.

ಸಂಜೆ ಎಲ್ಲರೂ ಅಂಗಳದಲ್ಲಿ ನಿಂತೆವು. ಮಾವನವರು ಕೀಲಿ ತಿರುಗಿಸಿದರು. ಎಂಜಿನ್ನು ಗುಡುಗಿತು. ಗೇರು ಹಾಕಿ ಕ್ಲಚ್ ಬಿಟ್ಟರು. ಎಂಜಿನ್ನು ಇನ್ನೂ ಗುಡುಗಿತು, ಕಾರು ಮಾತ್ರ ತುಂಬಿದ ಬಸುರಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟಿತು. ಇನ್ನಷ್ಟು ಒತ್ತಿದರು. ಆಗ ಕಾರಿನ ಅಡಿಯಿಂದ ತೆಳ್ಳಗೆ ಹೊಗೆ ಎದ್ದಿತು, ಹೊಗೆಯ ಜೊತೆ ಒಂದು ವಾಸನೆ. ತುಪ್ಪ, ಗಂಧ, ಸುಟ್ಟ ಸಮಿತ್ತು. ಅಂಗಳವೆಲ್ಲ ಹೋಮದ ಮನೆಯಂತಾಯಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು, "ನಂಜುಂಡಪ್ಪ ಬಂದ" ಅಂದರು. ಅವರನ್ನು ನೋಡಿ ಸೆಲ್ವಂ ಕೈ ಮುಗಿದ, ಅವನನ್ನು ನೋಡಿ ನಾನೂ ಮುಗಿದೆ.

ಮಾವನವರು ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದರು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಓಡಿದರೆ, ನಗುತ್ತಿದ್ದಾರೆ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ತಲೆಯೆತ್ತಿ ಅತ್ತೆಗೆ ಏನೋ ಅಂದರು. ಅತ್ತೆ "ಏನಂದ್ರಿ" ಅಂದರು. ಈಗ ಕೈ ಬೀಸಿ ಎದ್ದುಹೋಗುತ್ತಾರೆ ಅಂದುಕೊಂಡೆ. ಅವರು ಕೈ ಬೀಸಲಿಲ್ಲ. ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಆ ನಿಶ್ಶಬ್ದದಲ್ಲಿ, ಎಷ್ಟೋ ವಾರಗಳ ಮೇಲೆ, ಆ ಒಣಬಾಳೆಲೆಯ ಸ್ವರ ಕೇಳಿಸಿತು. "ನಿನ್ ದೇವ್ರಿಗೆ ತುಪ್ಪ ಜಾಸ್ತಿ ಆಯ್ತು ಕಣೇ. ಕ್ಲಚ್ ಜಾರ್ತಾ ಅದೆ."

ಮತ್ತೆ ಎಲ್ಲ ಇಳಿಸಬೇಕಾಯಿತು. ಪ್ಲೇಟಿಗೆ ಹೊಸ ಪಟ್ಟಿ ಹೊಡೆಸಿ ತಂದರು. ಈ ಸಲ ಅತ್ತೆ ಗೇರ್‌ಬಾಕ್ಸಿನ ಹೊರಮೈಗೆ ಮಾತ್ರ ವಿಭೂತಿ ಎಳೆದು, "ಒಳಗಿಂದು ಅವನೇ ನೋಡ್ಕತಾನೆ" ಅಂದರು. ಹಳೆಯ ಗೇರಿನ ಗುಂಡು ಮೂರೇ ಗೇರಿನದು, ಹೊಸ ಕಡ್ಡಿಗೆ ಸಲ್ಲದು. ಅದನ್ನು ಎಸೆಯಲು ಮನಸ್ಸು ಬಾರದೆ ಮಾವನವರು, ಹಿಡಿ ಮುರಿದು ಬಿದ್ದಿದ್ದ ದೋಸೆ ಮುಚ್ಚಳಕ್ಕೆ ತಿರುಪು ಹಾಕಿ ಕೂರಿಸಿದರು. ಅತ್ತೆ ಅದನ್ನು ಹಿಡಿದು ಒಂದು, ಎರಡು, ಮೂರು ಅಂತ ಆಡಿಸಿ, ಆಮೇಲೆ ರಿವರ್ಸಿಗೆ ತಳ್ಳಿ, ದೋಸೆ ಹಿಂದಕ್ಕೆ ಹೋಗುತ್ತದೇನೋ ನೋಡಿದರು.

ನಂಜನಗೂಡಿಗೆ ಹೊರಟ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಚಕ್ರಗಳ ಅಡಿಯಲ್ಲಿ ನಿಂಬೆಹಣ್ಣು. ಅತ್ತೆ ಬಲಗಾಲಿಟ್ಟು, ಸೆರಗು ಸುತ್ತಿಕೊಂಡು, ಬಲಗಡೆಯ ಸೀಟಿನಲ್ಲಿ ಸೀಟಿನ ತುದಿಗೇ ಕೂತರು. ಹಿಂದೆ ನಾನು, ನಮ್ಮವರು, ನಡುವೆ ಬುತ್ತಿ. ಆಗಿನ್ನೂ ಬೆಂಗಳೂರಿನ ರಸ್ತೆ ಅಗಲವಾಗಿರಲಿಲ್ಲ. ಹೋಗುವವರಿಗೂ ಬರುವವರಿಗೂ ಅದೇ ಒಂದು ಪಟ್ಟಿ. ಪೂನಮಲ್ಲಿ ದಾಟುವವರೆಗೂ ಹಳೆಯ ಕಥೆಯೇ. ಎರಡು, ಮೂರು, ಎಂಜಿನ್ನಿನ ಅರಚಾಟ, ಒಬ್ಬರ ಮಾತು ಒಬ್ಬರಿಗಿಲ್ಲ. ಆ ಬಸ್ಸಿನ ಜಾಗ ಬಂದಾಗ ನಮ್ಮವರು ನನ್ನ ಕೈ ಹಿಡಿದುಕೊಂಡರು. ಶ್ರೀಪೆರಂಬುದೂರು ಕಳೆಯಿತು. ರಸ್ತೆ ಬಿಚ್ಚಿಕೊಂಡಿತು. ಮಾವನವರು ನಾಲ್ಕಕ್ಕೆ ಹಾಕಿ ವೇಗ ಏರಿಸಿದರು, ಎಂಜಿನ್ನಿನ ಸದ್ದಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಅವರ ಕೈ ಕ್ಲಚ್ಚಿನ ಜೊತೆ ಸರಿಯಿತು. ಬಲಕ್ಕೆ, ಮುಂದಕ್ಕೆ.

ಮಿಕ್ಸಿಯನ್ನು ಮೂರರಿಂದ ಒಂದಕ್ಕೆ ತಿರುಗಿಸಿದ ಹಾಗಾಯಿತು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು. ಕಾರಿನ ವೇಗ ಒಂದಿಷ್ಟೂ ಇಳಿಯಲಿಲ್ಲ, ಕಿಟಕಿಯಾಚೆ ಹುಣಸೆಮರಗಳು ಅದೇ ಓಟದಲ್ಲಿ ಹಿಂದೆ ಹೋಗುತ್ತಿದ್ದವು. ಸದ್ದು ಮಾತ್ರ ನೆಲಕ್ಕಿಳಿದು ಮಲಗಿತು. ಬುತ್ತಿಯ ಡಬ್ಬಿ ಟಿಣಿಟಿಣಿ ಅನ್ನುವುದು ಕೇಳಿಸಿತು. ಅತ್ತೆಯ ಬಳೆ ಕೇಳಿಸಿತು. ಅಷ್ಟು ದೊಡ್ಡ ಯಂತ್ರ ಅಷ್ಟು ಜೋರಾಗಿ ಓಡುತ್ತ ಅಷ್ಟು ಮೆಲ್ಲಗಿರಬಹುದು ಅನ್ನುವುದನ್ನು ನಾನು ಬಾಯಿ ತೆರೆದುಕೊಂಡು ನೋಡುತ್ತ ಕೂತೆ. ದೇವಸ್ಥಾನದ ಗರ್ಭಗುಡಿಯ ಮುಂದೆಯೂ ನನಗೆ ಅಂಥದ್ದು ಆದದ್ದು ಕಡಿಮೆ.

ಮುಂದೆ ಹುಲ್ಲಿನ ಲಾರಿ ಅಡ್ಡ ಬಂತು. ಮಾವನವರು ರಸ್ತೆಯಿಂದ ಕಣ್ಣು ತೆಗೆಯದೆ, ತಮಗಿದ್ದ ಅಷ್ಟೇ ಸ್ವರದಲ್ಲಿ ಕೇಳಿದರು. "ಇವಳೇ, ಮುಂದೆ ಖಾಲಿ ಅದಾ?"

ಅತ್ತೆ ಏನಂದ್ರಿ ಅನ್ನಲಿಲ್ಲ. ಕಿಟಕಿಗೆ ಬಾಗಿ ನೋಡಿದರು. "ಬಸ್ಸೊಂದು ಬತ್ತಾ ಅದೆ, ತಾಳಿ" ಅಂದರು. ಬಸ್ಸು ಹೋಯಿತು. "ಈಗ ಖಾಲಿ. ಹೋಗಿ." ಮಾವನವರು ಲಾರಿ ದಾಟಿ ಮತ್ತೆ ಐದಕ್ಕೆ ಹಾಕಿದರು.

ಆಮೇಲೆ ಒಂದು ವಿಚಿತ್ರ ನೋಡಿದೆ. ಮುಂದೆ ಲಾರಿಯಿಲ್ಲ, ಗಾಡಿಯಿಲ್ಲ, ಆಕಾಶದವರೆಗೂ ಬರೀ ರಸ್ತೆ. ಆದರೂ ಮಾವನವರು ಸ್ವಲ್ಪ ಹೊತ್ತಿಗೊಮ್ಮೆ, "ಖಾಲಿ ಅದಾ?" ಅನ್ನುವುದು. ಅತ್ತೆ ಗಂಭೀರವಾಗಿ ಬಾಗಿ ನೋಡಿ, "ಖಾಲಿ ಅದೆ, ಹೋಗಿ" ಅನ್ನುವುದು. ಅವರಿಗೂ ಕಾಣುತ್ತಿತ್ತು, ಇವರಿಗೂ ಗೊತ್ತಿತ್ತು. ವೆಲ್ಲೂರು ಬರುವ ಹೊತ್ತಿಗೆ ಅತ್ತೆ ಸೀಟಿನ ತುದಿ ಬಿಟ್ಟು ಹಿಂದಕ್ಕೆ ಒರಗಿ ಕೂತಿದ್ದರು.

ಆಂಬೂರಿನ ಆಚೆ ಎಲ್ಲೋ ಮಾವನವರು ಬೇರೆ ಪ್ರಶ್ನೆ ಕೇಳಿದರು. ಹಿಂದೆ ಕೂತವರು ಕೇಳಬಾರದಿತ್ತು, ಆದರೆ ಆ ಹಾಳು ಓವರ್‌ಡ್ರೈವ್ ಎಲ್ಲವನ್ನೂ ಕೇಳಿಸುತ್ತಿತ್ತು. "ಮದ್ವೆ ಆಗಿ ರೈಲಲ್ಲಿ ಬರೋವಾಗ ನೀನು ಅಳ್ತಿದ್ದೆ. ಯಾಕೆ ಅಂತ ನಾನು ಕೇಳ್ಲೇ ಇಲ್ಲ."

"ಆಗ ಯಾಕೆ ಕೇಳ್ಲಿಲ್ಲ?"

"ನಂಗೆ ಮೆಲ್ಲಗೆ ಕೇಳಕ್ಕೆ ಬರ್ತಿರಲಿಲ್ಲ. ಡಬ್ಬಿ ತುಂಬ ಜನ ಇದ್ರು."

ಅತ್ತೆ ಕೈಯ ಬಳೆಗಳನ್ನು ಒಮ್ಮೆ ಹಿಂದಕ್ಕೆ ಸರಿಸಿದರು. "ಬಳೆ ಒಡೆದು ಕೈಗೆ ಚುಚ್ಚಿತ್ತು ಕಣ್ರೀ. ಅದಕ್ಕೆ ಅತ್ತಿದ್ದು, ಇನ್ಯಾತಕ್ಕೂ ಅಲ್ಲ" ಅಂದರು. ಮಾವನವರು ದೊಡ್ಡದಾಗಿ ಉಸಿರು ಬಿಟ್ಟರು. ಒಂದು ಆಯುಸ್ಸಿನಷ್ಟು ಹೊತ್ತಿದ್ದ ಭಾರ ಒಂದು ಬಳೆಯ ಚೂರಾಗಿ ಇಳಿದುಹೋಯಿತು. ಅತ್ತೆ ನಿಜ ಹೇಳಿದರೋ, ಅವರಿಗಾಗಿ ಹಾಗೆ ಹೇಳಿದರೋ, ನಾನು ಯಾವತ್ತೂ ಕೇಳಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿದ್ದೆ ಬಂದವಳಂತೆ ಕೂತು, ಬೆಂಗಳೂರು ಬರುವವರೆಗೂ ಅಳುತ್ತಲೇ ಇದ್ದೆ.

ಮಾವನವರು ಅದಾದ ಮೇಲೆ ಅನೇಕ ವರ್ಷ ಇದ್ದರು. ಅವರ ಪಿಸುಮಾತು ಕೊನೆಯವರೆಗೂ ಉಳಿಯಿತು, ಡಾಕ್ಟರೇ ಬೆರಗಾದರು. ಸಂಜೆ ಹೊತ್ತು ಇಬ್ಬರೂ ಹಾಲು ತರುತ್ತೇವೆ ಅಂತ ಹೇಳಿ ಕಾರು ತೆಗೆದು ಹೊರಡುತ್ತಿದ್ದರು, ಹಾಲಿಲ್ಲದೆ ಬರುತ್ತಿದ್ದರು. ಈಗ ಇಬ್ಬರೂ ಇಲ್ಲ. ಕಾರು ಕೊಯಮತ್ತೂರಿನಲ್ಲಿ ಅದರ ಬೆಲೆ ಅರಿತವರೊಬ್ಬರ ಹತ್ತಿರ ಇದೆ, ಚೆನ್ನಾಗಿ ನೋಡಿಕೊಂಡಿದ್ದಾರಂತೆ. ನಮ್ಮ ಪಾಲಿಗೆ ಉಳಿದದ್ದು ಈ ಕರಿಗುಂಡು.

ಅದನ್ನು ಹಿಡಿದುಕೊಂಡು ಇವತ್ತು ಬೆಳಿಗ್ಗೆ ಇಷ್ಟೆಲ್ಲ ನೆನೆಯುತ್ತ ನಿಂತೆ. ದೋಸೆ ಪೂರ್ತಿ ಕರಕಾಯಿತು. ನಡುಮನೆಯಿಂದ ನಮ್ಮವರು ಮತ್ತೊಮ್ಮೆ ಏನೋ ಅಂದರು. ನಾನು "ಏನು" ಅಂತ ಕೂಗಲು ಬಾಯಿ ತೆರೆದವಳು, ಮುಚ್ಚಿಕೊಂಡೆ. ಮಿಕ್ಸಿ ಆರಿಸಿದೆ. ಹೊಗೆ ಫ್ಯಾನು ಆರಿಸಿದೆ. ಒಲೆಯನ್ನೂ ಆರಿಸಿ ಬಾಗಿಲಿಗೆ ಬಂದು, ಮೆಲ್ಲಗೆ, "ಏನಂದ್ರಿ?" ಅಂತ ಕೇಳಿದೆ.

ಅವರು ತಟ್ಟೆಯ ಮುಂದೆ ಕೂತು ನನ್ನನ್ನೇ ಆಶ್ಚರ್ಯದಿಂದ ನೋಡಿದರು. "ಏನಿಲ್ಲ. ನನಗೆ ಎರಡು ದೋಸೆ ಸಾಕು, ನೀನೂ ಬಂದು ಕೂತ್ಕೋ ಅಂದೆ" ಅಂದರು. "ದಿನಾ ಅದನ್ನೇ ಅಂತೀನಲ್ಲ."

ನಾನು ಗುಂಡನ್ನು ಮೇಜಿನ ಮೇಲಿಟ್ಟು, ಹೋಗಿ ಅವರ ಬಲಗಡೆಯ ಕುರ್ಚಿಯಲ್ಲಿ ಕೂತೆ.